ಯೊರ್ದನ್ ಹೊಳೆಗೆ ಅದರ ನೀರು ಬಿಡಿ

ಪವಿತ್ರ ನಾಡಿನ ಯಾತ್ರೆಗೆ ಹೊರಟ ಮಂಗಳೂರು, ಬೆಂಗಳೂರಿನ ವಿಶ್ವಾಸಿಗಳೇ, ಅವರನ್ನು ಹರಸಿ ಕಳಿಸುವ ಗುರುಗಳೇ, ಯೊರ್ದನ್ ದಡದ ಬೇಥಾಬರಾದಲ್ಲಿ ನೀರಿಗಿಳಿಯುವ ಮುನ್ನ ಆ ನೀರಿನ ಗತಿಯನ್ನು ಕೇಳಿ.

ಇಸ್ರಾಯೇಲ್ಯರನ್ನು ಯೆಹೋಶುವನು ದಾಟಿಸಿದಾಗ ಯೊರ್ದನ್ ದಡ ಮೀರಿ ತುಂಬಿತ್ತೆನ್ನುತ್ತದೆ ಸತ್ಯವೇದ. ಎಲೀಯ, ಎಲೀಷರು ದಾಟಿದ್ದೂ ಯೋಹಾನನು ದೀಕ್ಷಾಸ್ನಾನ ಮಾಡಿಸಿದ್ದೂ ಬೇಥಾಬರಾದ ಆಸುಪಾಸಿನಲ್ಲೆಂಬುದು ಪರಂಪರೆಯ ನಂಬಿಕೆ. ಜೋರ್ಡಾನ್ ದೇಶದ ಮಾದಬಾ ಊರಿನ ಚರ್ಚಿನ ನೆಲದಲ್ಲಿ 6ನೇ ಶತಮಾನದ ಕುಶಲಿಗಳು ಬಣ್ಣದ ಕಲ್ಚೂರುಗಳಿಂದ ನಕ್ಷೆ ಬಿಡಿಸಿ ಬೇಥಾಬರಾ ಎಂದು ಬರೆದರು. ಮೃತ ಸಮುದ್ರದ ಉಪ್ಪಿಗೆ ಹೆದರಿ ಹಿಂದಿರುಗುವ ಮೀನನ್ನೂ ಹೊಳೆಯಲ್ಲಿ ಮೂಡಿಸಿದರು. ಎಂಥ ಪ್ರೀತಿಯಿಂದ ಆ ಹೊಳೆಯನ್ನು ನೋಡಿದ್ದರು!

ಇಂದು ಅಲ್ಲಿರುವುದು ಕೆಲವೇ ಮೀಟರ್ ಅಗಲದ ಕೆಸರು ಹರಿವು. ಹಿಂದೆ ವರ್ಷಕ್ಕೆ ಸುಮಾರು 130 ಕೋಟಿ ಘನ ಮೀಟರ್ ನೀರು ಮೃತ ಸಮುದ್ರ ಸೇರುತ್ತಿತ್ತು. ಈಗ ಅದರ ಹತ್ತನೇ ಒಂದು ಪಾಲು ಸೇರುವುದೂ ಕಷ್ಟ. 1964ರಿಂದ ಇಸ್ರೇಲ್ ಗಲಿಲಾಯ ಸರೋವರದ ನೀರನ್ನು ಕೊಳವೆಗಳಲ್ಲಿ ದಕ್ಷಿಣಕ್ಕೆ ಒಯ್ದಿತು. ಜೋರ್ಡಾನ್ ದೇಶ ಕಾಲುವೆ ತೋಡಿತು, ಸಿರಿಯ ಉಪನದಿ ಯರ್ಮೂಕಿಗೆ ಅಣೆಕಟ್ಟು ಹಾಕಿತು. ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರಿಗೆ 1967ರಿಂದ ಹೊಳೆಯಲ್ಲಿ ಪಾಲೇ ಇಲ್ಲ. ಕೆಳಗೆ ಉಳಿದಿದ್ದು ಉಪ್ಪುಬುಗ್ಗೆಗಳ ನೀರು, ಕೊಳಚೆ, ಹೊಲಗಳಿಂದ ಬಸಿದದ್ದು. ಮೃತ ಸಮುದ್ರ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಪೂರ್ವದಡದ ದೀಕ್ಷಾಸ್ನಾನದ ಸ್ಥಳ ಅಲ್-ಮಗ್‌ತಸ್ 2015ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಹಳೆಯ ಚರ್ಚುಗಳ ಅವಶೇಷಗಳಿಗೆ ಕಾವಲಿದೆ, ಅವುಗಳನ್ನು ಅಲ್ಲಿಗೆ ಕರೆತಂದ ಹೊಳೆಗೆ ಯಾರ ಕಾವಲು?

ಜೋರ್ಡಾನಿನ ರೈತ ಬಾಯಾರಿ ಸಾಯಲಿ ಎನ್ನುತ್ತಿಲ್ಲ. ಅದು ನೀರಿಗೆ ತೀರಾ ಬಡ ದೇಶ. ಆದರೆ ಕಡಲನೀರನ್ನು ಸಿಹಿಯಾಗಿಸುವ ದೊಡ್ಡ ಸ್ಥಾವರಗಳು ಇಸ್ರೇಲಿಗಿವೆ. ಹೆಚ್ಚಿನ ಹೊಣೆ ಅದರದೇ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಬೇಕೆಂದು ಯೋಹಾನನು ಬೋಧಿಸಿದ್ದು ಈ ಹೊಳೆಯ ಸೀಮೆಯಲ್ಲೇ. ಆ ಮಾತನ್ನು ನಂಬಿ ಸ್ನಾನ ಪಡೆದವರು ನಾವು. ಹೊಳೆ ಒಣಗುವಾಗ ಬಾಯಿ ಮುಚ್ಚಿಕೊಂಡು ಬಾಟಲಿ ತುಂಬಿಸಿಕೊಂಡು ಬರುವುದು ಭಕ್ತಿಯೇ?

ಈ ಹೊಳೆಯ ನೀರೇನಾಯಿತೆಂದು ಯಾತ್ರೆ ಏರ್ಪಡಿಸುವವರನ್ನು ಕೇಳಿ, ಅಲ್ಲಿನ ಮಾರ್ಗದರ್ಶಕರನ್ನು ಕೇಳಿ. ಧರ್ಮಾಧ್ಯಕ್ಷರೇ, ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ಪ್ರಸಂಗದಲ್ಲಿ ಇದನ್ನು ಹೇಳಿ. ಹೊಳೆಗೆ ನೀರು ಬಿಡಿ, ಪ್ಯಾಲೆಸ್ತೀನಿಯರಿಗೆ ಅವರ ಪಾಲು ಕೊಡಿ ಎಂದು ಇಸ್ರೇಲ್, ಜೋರ್ಡಾನ್, ಸಿರಿಯ ಸರ್ಕಾರಗಳಿಗೆ ನಿಮ್ಮ ಸಹಿಯಿಟ್ಟು ಪತ್ರ ಬರೆಯಿರಿ, ಈ ವರ್ಷವೇ.