32 ದಿನಗಳ ದಾಖಲೆ, 179 ದಿನಗಳ ಕೂಲಿ

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ ಜೋಜಿ ಲಾ ಎಂಬ ಕಣಿವೆಯಿದೆ. ಎತ್ತರ 11,500 ಅಡಿಗೂ ಮೇಲೆ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುವ ಈ ದಾರಿಯನ್ನು ವಸಂತದಲ್ಲಿ ಮತ್ತೆ ತೆರೆಯುವುದು ಈಗ ಪರೀಕ್ಷೆಯ ಅಂಕಪಟ್ಟಿಯಂತಾಗಿದೆ. 2022ರಲ್ಲಿ ದಾರಿ 73 ದಿನ ಮುಚ್ಚಿತ್ತು, 2023ರಲ್ಲಿ 68, 2024ರಲ್ಲಿ 35, 2025ರಲ್ಲಿ 32. ವರ್ಷವರ್ಷವೂ ‘ದಾಖಲೆ’ ಎಂಬ ಮಾತು. ಲಡಾಖ್ ಪ್ರವಾಸ ಮುಗಿಸಿ ಬಂದ ನಮ್ಮ ಸಂಘದ ಬಾಂಧವರೂ ಹಿಮದ ಗೋಡೆಯ ಮುಂದೆ ನಿಂತ ಭಾವಚಿತ್ರ ತೋರಿಸಿ, “ನಮ್ಮ ಇಂಜಿನಿಯರುಗಳೇನು ಸಾಮಾನ್ಯರೇ!” ಎನ್ನುತ್ತಾರೆ. ಸಾಮಾನ್ಯರಲ್ಲ, ಒಪ್ಪಿದೆ. ಸಲಿಕೆ ಹಿಡಿದವನು ಆ ಮಾತಿನಲ್ಲಿ ಎಲ್ಲೂ ಬರುವುದಿಲ್ಲವಲ್ಲ, ಅದೇ ನನ್ನ ತಕರಾರು.

ದಾರಿ ಬೇಗ ತೆರೆಯಬಾರದೆಂದು ನಾನು ಹೇಳುತ್ತಿಲ್ಲ. ಕಾರ್ಗಿಲ್ ಜನಕ್ಕೆ ತರಕಾರಿ ಬೇಕು, ಸೈನ್ಯಕ್ಕೆ ಸಾಮಗ್ರಿ ಬೇಕು. 1960ರಲ್ಲಿ ಹುಟ್ಟಿದ ಗಡಿ ರಸ್ತೆ ಸಂಸ್ಥೆಯ ಬೀಕನ್ ಪ್ರಾಜೆಕ್ಟು ಸೋನಮಾರ್ಗದ ಕಡೆಯಿಂದ, ವಿಜಯಕ್ ಪ್ರಾಜೆಕ್ಟು ದ್ರಾಸ್ ಕಡೆಯಿಂದ ಹಿಮ ಕಡಿಯುತ್ತ ಬಂದು ನಡುವೆ ಕೂಡುತ್ತವೆ. ಹಿಮ ಕಡಿಯುವ ಯಂತ್ರ, ಬುಲ್‌ಡೋಜರ್ ಮುಂದೆ ಹೋಗುತ್ತವೆ, ನಿಜ. ಹಿಂದೆ ಮೋರಿ ಬಿಡಿಸಲು, ಕಲ್ಲೆತ್ತಲು, ಕುಸಿದ ಅಂಚು ಕಟ್ಟಲು ಕೂಲಿಗಳೇ ಆಗಬೇಕು. ಲಡಾಖಿನ ಈ ರಸ್ತೆಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಜಾರ್ಖಂಡದ ದುಮ್ಕಾ ಕಡೆಯವರು. 2020ರ ಲಾಕ್‌ಡೌನಿನಲ್ಲಿ ಪಟ್ಟಣಗಳ ಕೂಲಿಗಳೆಲ್ಲ ಊರಿಗೆ ಮರಳುತ್ತಿದ್ದರೆ, ಜೂನ್ 13ರಂದು ದುಮ್ಕಾದಿಂದ ಗಡಿ ರಸ್ತೆಯ ಕೆಲಸಕ್ಕೆಂದೇ 1,600ರಷ್ಟು ಮಂದಿಯನ್ನು ಹೊತ್ತ ವಿಶೇಷ ರೈಲು ಹೊರಟಿತು. ಎಲ್ಲವನ್ನೂ ಯಂತ್ರವೇ ಮಾಡುವುದಾದರೆ ಆ ರೈಲು ಏತಕ್ಕೆ?

ಕಡತದಲ್ಲಿ ಇವರ ಹೆಸರು ‘ಕ್ಯಾಶುಯಲ್ ಪೇಯ್ಡ್ ಲೇಬರರ್’. ಒಮ್ಮೆಗೆ ಹೆಚ್ಚೆಂದರೆ 179 ದಿನ. ನನ್ನಂತೆ ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಈ ಸಂಖ್ಯೆ ಕಂಡೊಡನೆ ವಾಸನೆ ಹತ್ತುತ್ತದೆ. 1993ರಲ್ಲಿ ಕೇಂದ್ರವು ಹಂಗಾಮಿ ಕೂಲಿಗಳಿಗೆ ತಾತ್ಕಾಲಿಕ ಸ್ಥಾನಮಾನ ಕೊಟ್ಟಾಗ ಕೇಳಿದ್ದು ವರ್ಷಕ್ಕೆ 240 ದಿನಗಳ ಸೇವೆ. 179ಕ್ಕೇ ಕಡಿದುಹಾಕಿದರೆ ಮನುಷ್ಯ ಇಪ್ಪತ್ತು ವರ್ಷ ಹಿಮ ಎತ್ತಿದರೂ ಹೊಸಬನೇ. ಇದರ ಮೇಲೆ 2006ರ ಉಮಾದೇವಿ ತೀರ್ಪು ಬೇರೆ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಮೊಕದ್ದಮೆಯಲ್ಲಿ, ನಿಯಮದಂತೆ ನೇಮಕವಾಗದವರಿಗೆ ಕಾಯಂ ಆಗುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಹಿಂಬಾಗಿಲು ಮುಚ್ಚಿದ್ದು ಸರಿಯೇ ಇರಬಹುದು. ಮುಂಬಾಗಿಲನ್ನು ಇವರಿಗೆ ತೆರೆದವರಾರು?

ಇನ್ನೊಂದು ಲೆಕ್ಕ ಕೇಳಿ. ಕೆಲಸದಲ್ಲಿರುವಾಗ ಇಂಥ ಕೂಲಿ ಸತ್ತರೆ ಅಂತ್ಯಕ್ರಿಯೆಗೆ ಕೊಡುತ್ತಿದ್ದುದು 1,000 ರೂಪಾಯಿ. 10,000ಕ್ಕೆ ಏರಿಸಿದ್ದು 2023ರ ಸೆಪ್ಟೆಂಬರಿನಲ್ಲಿ. ಸರ್ಕಾರದ ಖರ್ಚಿನಲ್ಲಿ ಶವವನ್ನು ಊರಿಗೆ ಕಳಿಸುವ ಸೌಲಭ್ಯ ಅದುವರೆಗೆ ಕಾಯಂ ಸಿಬ್ಬಂದಿಗಷ್ಟೇ ಇತ್ತು. ಇವರಿಗೆ ಬಂದದ್ದೂ ಆಗಲೇ. 10 ಲಕ್ಷದ ವಿಮೆಗೆ ಒಪ್ಪಿಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಕೊಟ್ಟದ್ದು ಒಳ್ಳೆಯದೇ. ಆದರೆ ಸಂಸ್ಥೆ ಹುಟ್ಟಿ 63 ವರ್ಷವಾಗಬೇಕಾಯಿತೇ?

2025ರ ಫೆಬ್ರವರಿ ಕೊನೆಯಲ್ಲಿ, ಜೋಜಿ ಲಾ ಮುಚ್ಚಿದ ಅದೇ ವಾರ, ದೂರದ ಉತ್ತರಾಖಂಡದ ಮಾಣಾ ಬಳಿ ಇದೇ ಸಂಸ್ಥೆಯ ರಸ್ತೆಗಾಗಿ ದುಡಿಯುತ್ತಿದ್ದ 54 ಮಂದಿಯ ಶಿಬಿರದ ಮೇಲೆ ಹಿಮಕುಸಿತ ಬಂತು. ಅವರಿದ್ದದ್ದು ಲೋಹದ ಕಂಟೇನರುಗಳಲ್ಲಿ. ಎಂಟು ಮಂದಿ ಸತ್ತರು. ಏಪ್ರಿಲ್ 1ಕ್ಕೆ ಜೋಜಿ ಲಾ ತೆರೆಯಿತು. ನಮ್ಮ ಹರಟೆಯಲ್ಲಿ 32 ಉಳಿಯಿತು, 8 ಉಳಿಯಲಿಲ್ಲ.

“ಯಾರೂ ಬಲವಂತ ಮಾಡಿಲ್ಲ, ಊರಿಗಿಂತ ಹೆಚ್ಚು ಕೂಲಿ ಸಿಗುತ್ತದೆಂದು ಬರುತ್ತಾರೆ” ಎಂದು ಮಿತ್ರರೊಬ್ಬರು ವಾದಿಸಿದರು. ನಾವೂ ಹೊಟ್ಟೆಪಾಡಿಗೆ ನಾವಾಗಿಯೇ ದೆಹಲಿಗೆ ಬಂದವರು, ಸ್ವಾಮಿ. ಹಾಗೆಂದು ತುಟ್ಟಿಭತ್ಯೆಯ ಆದೇಶ ಒಂದು ತಿಂಗಳು ತಡವಾದರೆ ಸುಮ್ಮನಿರುತ್ತೇವೆಯೇ?

ಹಿಮ ಪ್ರತಿ ವರ್ಷ ಬೀಳುತ್ತದೆ. ಪ್ರತಿ ವರ್ಷವೂ ಇರುವ ಕೆಲಸ ಹಂಗಾಮಿ ಹೇಗಾದೀತು? ಹಳೆಯ ಕೂಲಿಗಳ ಪಟ್ಟಿ ಮಾಡಿ, ತುಂಡು ತುಂಡಾದ ಸೇವೆಯನ್ನು ಕೂಡಿಸಿ, ಕ್ರಮಬದ್ಧ ನೇಮಕದಲ್ಲಿ ಅವರಿಗೆ ಆದ್ಯತೆ ಕೊಡಲಿ. ದಾರಿ ತೆರೆದ ಪ್ರಕಟಣೆಯಲ್ಲಿ ಎಷ್ಟು ದಿನ ಎಂಬುದರ ಪಕ್ಕದಲ್ಲೇ ಎಷ್ಟು ಮಂದಿ, ಎಷ್ಟು ಕೂಲಿ, ಎಷ್ಟು ಸಾವು ಎಂಬುದೂ ಅಚ್ಚಾಗಲಿ. ಕರ್ನಾಟಕದ 28 ಲೋಕಸಭಾ ಸದಸ್ಯರು ಅಧಿವೇಶನಕ್ಕೆ ಇದೇ ಊರಿಗೆ ಬರುತ್ತಾರೆ. ಕೆಲವರು ನಮ್ಮ ವೇದಿಕೆಯನ್ನೂ ಹತ್ತುತ್ತಾರೆ. ಅವರಲ್ಲೊಬ್ಬರ ಕೈಗೆ ಈ ಪ್ರಶ್ನೆಯನ್ನು ಬರೆದುಕೊಡಲು ನಮ್ಮ ಕಾರ್ಯಕಾರಿ ಸಮಿತಿಗೆ ಹಾರ ತುರಾಯಿಗಳ ನಡುವೆ ಎರಡು ನಿಮಿಷ ಸಿಕ್ಕೀತೇ?