ಅಂಗನವಾಡಿಗೆ ಟಿವಿ ಅಲ್ಲ, ತಮಟೆ ಬರಲಿ

ಅಂಗನವಾಡಿಗೆ ಒಬ್ಬ ದಾನಿ ಸಿಕ್ಕರೆ ಮೊದಲು ಬರುವುದು ಏನು? ಸ್ಮಾರ್ಟ್ ಟಿವಿ. ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಹೊಡೆಸಿಕೊಳ್ಳುತ್ತಾರೆ, ವಾಟ್ಸ್‌ಆಪ್ ಗ್ರೂಪಿಗೆ ಹಾಕುತ್ತಾರೆ. ಮರುದಿನದಿಂದ ಮೂರು ವರ್ಷದ ಮಕ್ಕಳು ಸಾಲಾಗಿ ಕೂತು, ಬಾಯಿ ಬಿಟ್ಟುಕೊಂಡು ಯೂಟ್ಯೂಬ್ ರೈಮ್ಸ್ ನೋಡುತ್ತವೆ. ಹಾಡು ಅವರ ಊರಿನದಲ್ಲ, ಭಾಷೆ ಅವರ ಮನೆಯದಲ್ಲ, ಕೈಕಾಲಿಗೆ ಕೆಲಸವೂ ಇಲ್ಲ. ಇದನ್ನು ಪ್ರಗತಿ ಅಂತ ಕರೆಯಲು ನಾವು ತಯಾರಿಲ್ಲ.

ನಮ್ಮ ಮಾತು ನೇರ. ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ತಮಟೆ, ಡೊಳ್ಳು, ಢೋಲಕ್, ದಮ್ಮಡಿ ಬಾರಿಸುವವರು ಇದ್ದೇ ಇರುತ್ತಾರೆ. ವಾರಕ್ಕೆ ಎರಡು ದಿನ ಅವರನ್ನು ಅಂಗನವಾಡಿಗೆ ಕರೆಯಿರಿ. 3ರಿಂದ 6 ವರ್ಷದ ಮಕ್ಕಳಿಗೆ ತಾಳ ಕಲಿಸಲಿ. ಆ ಕೆಲಸಕ್ಕೆ ಕೂಲಿ ಕೊಡಿ.

"ಇಷ್ಟು ಸಣ್ಣ ಮಕ್ಕಳಿಗೆ ತಾಳ ಏನು ಗೊತ್ತಾಗುತ್ತೆ?" ಅಂತ ಕೇಳುವವರಿದ್ದಾರೆ. ಹುಟ್ಟಿ ಎರಡು ಮೂರು ದಿನವಾದ ಕೂಸುಗಳಿಗೇ ಗೊತ್ತಾಗುತ್ತೆ. 2009ರಲ್ಲಿ ಪ್ರಕಟವಾದ ಹಂಗೇರಿಯ ಒಂದು ಸಂಶೋಧನೆಯಲ್ಲಿ ಅಂಥ ಕೂಸುಗಳಿಗೆ ಡ್ರಮ್ಮಿನ ಸದ್ದು ಕೇಳಿಸಿ, ನಡುವೆ ಮುಖ್ಯ ಪೆಟ್ಟೊಂದನ್ನು ಬಿಟ್ಟುಬಿಟ್ಟರು. ಪೆಟ್ಟು ತಪ್ಪಿದ್ದನ್ನು ಕೂಸುಗಳ ಮೆದುಳು ಗುರುತಿಸಿತು.

ಅದೇ ವರ್ಷ ಜರ್ಮನಿಯ ಇನ್ನೊಂದು ಸಂಶೋಧನೆ ಬಂತು. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷದ ಮಕ್ಕಳ ಕೈಗೆ ಡ್ರಮ್ ಕೊಟ್ಟರು. ಒಮ್ಮೆ ಎದುರಿಗೆ ಮನುಷ್ಯ ಕೂತು ಬಾರಿಸಿದ, ಒಮ್ಮೆ ಯಂತ್ರ ಬಾರಿಸಿತು, ಒಮ್ಮೆ ಸ್ಪೀಕರಿನಿಂದ ಬರೀ ಸದ್ದು ಬಂತು. ಮಕ್ಕಳು ತಾಳಕ್ಕೆ ಚೆನ್ನಾಗಿ ಹೊಂದಿಕೊಂಡದ್ದು ಮನುಷ್ಯನ ಜೊತೆಗೆ. ಟಿವಿ ತಂದುಕೊಡುವ ದಾನಿಗಳು ಇದನ್ನು ಎರಡು ಸಲ ಓದಲಿ. ಮಗುವಿಗೆ ಸದ್ದು ಮಾತ್ರ ಸಾಲದು, ತನ್ನ ಮುಖ ನೋಡಿ ನಗುವ, ತನಗಾಗಿ ಕಾಯುವ ಒಬ್ಬ ಮನುಷ್ಯ ಬೇಕು.

ತಾಳ ಕಲಿತ ಮಗು ಜಾಣನಾಗುತ್ತದೆ, ಗಣಿತದಲ್ಲಿ ನೂರಕ್ಕೆ ನೂರು ತೆಗೆಯುತ್ತದೆ ಅಂತ ನಾವು ಹೇಳುವುದಿಲ್ಲ. ಅದು ಟ್ಯೂಷನ್ ಜಾಹೀರಾತಿನ ಭಾಷೆ. ನಾವು ಹೇಳುವುದು ಕಣ್ಣಿಗೆ ಕಾಣುವಂಥದ್ದು. ಜೊತೆಗೆ ಬಾರಿಸಬೇಕಾದರೆ ಮಗು ಇನ್ನೊಬ್ಬರನ್ನು ಕೇಳಿಸಿಕೊಳ್ಳಬೇಕು. ನಿಲ್ಲಿಸಿ ಅಂದಾಗ ಕೈ ತಡೆದುಕೊಳ್ಳಬೇಕು. ತನ್ನ ಸರದಿಗೆ ಕಾಯಬೇಕು. ಒಂದನೇ ಕ್ಲಾಸಿನ ಮೇಷ್ಟ್ರು ಬೇಕು ಅನ್ನುವುದೂ ಇದನ್ನೇ ಅಲ್ಲವೇ?

ಇದಕ್ಕೆ ದೊಡ್ಡ ಖರ್ಚಿಲ್ಲ. ಮೊದಲ ವಾದ್ಯ ಮಗುವಿನ ಅಂಗೈ. ಚಪ್ಪಾಳೆ, ತೊಡೆ, ನೆಲ. ಮಕ್ಕಳ ಹೆಸರಿನಿಂದಲೇ ಶುರು ಮಾಡಿ. ಬ-ಸ-ವ, ಮೂರು ಪೆಟ್ಟು. ಗೀ-ತಾ, ಎರಡು ಪೆಟ್ಟು. ಪದವನ್ನು ಹೀಗೆ ಬಿಡಿಸಿ ಕೇಳುವುದು ಮುಂದೆ ಅಕ್ಷರ ಕಲಿಯುವಾಗಲೂ ಕೈ ಹಿಡಿಯುತ್ತದೆ. ಆಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ ಬರಲಿ. "ತಕಿಟ" ಅಂದರೆ ಮೂರು, "ತಕದಿಮಿ" ಅಂದರೆ ನಾಲ್ಕು. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕೈಯಲ್ಲಿ ಬಾರಿಸಬೇಕು. ಹತ್ತು ನಿಮಿಷ ಸಾಕು. ಬೇಜಾರಾದ ಮಗು ಎದ್ದು ಹೋದರೆ ಹೋಗಲಿ, ಸದ್ದು ಕೇಳಿ ತಾನೇ ವಾಪಸ್ ಬರುತ್ತದೆ.

ಕೋಲು ಹಿಡಿದು ಬಾರಿಸುವುದು ಕೊನೆಗೆ. ತಮಟೆಯ ಸದ್ದು ಜೋರು, ಮುಚ್ಚಿದ ಕೋಣೆಯಲ್ಲಿ ಬೇಡ, ಮರದ ನೆರಳಲ್ಲಿ ದೂರ ಕೂರಿಸಿ. ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದನ್ನು ಮಕ್ಕಳು ದೂರದಿಂದ ನೋಡಲಿ, ಆಮೇಲೆ ಅಂಗೈಯಿಂದ ಮುಟ್ಟಲಿ. ಆಗಸ್ಟ್ 15ಕ್ಕೆ ಶೋ ಕೊಡಿಸಬೇಕು ಅಂತ ತಿಂಗಳುಗಟ್ಟಲೆ ತಿದ್ದಿ ತೀಡಬೇಡಿ. ಇದು ಆಟ, ಪರೇಡ್ ಅಲ್ಲ.

ಈಗ ಯಾರೂ ಜೋರಾಗಿ ಹೇಳದ ಮಾತಿಗೆ ಬರೋಣ. "ನಮ್ಮ ಮಗು ತಮಟೆ ಬಡೀಬೇಕಾ?"

ಈ ಪ್ರಶ್ನೆ ಸಂಗೀತದ್ದಲ್ಲ, ಜಾತಿಯದು. ಊರ ಹಬ್ಬಕ್ಕೆ ತಮಟೆ ಬೇಕು, ಜಾತ್ರೆಗೆ ಬೇಕು, ಹೆಣದ ಮುಂದೆ ಬೇಕು. ಬಾರಿಸುವವನು ಮಾತ್ರ ಗುಡಿಯ ಹೊರಗೆ ನಿಲ್ಲಬೇಕು, ಕೊಟ್ಟಷ್ಟು ಇಸಿದುಕೊಂಡು ಹೋಗಬೇಕು. ಈ ಅವಮಾನ ಸಾಕು ಅಂತ ಎಷ್ಟೋ ದಲಿತ ಮನೆಗಳು ತಮಟೆಯನ್ನು ಕೆಳಗಿಟ್ಟಿವೆ. ಅವರ ನಿರ್ಧಾರಕ್ಕೆ ನಾವು ತಲೆಬಾಗುತ್ತೇವೆ. "ನಿಮ್ಮ ಕುಲಕಸುಬು, ನೀವೇ ಕಲಿಸಿ" ಅಂತ ಅವರ ಬಾಗಿಲಿಗೆ ಹೋಗಿ ಒತ್ತಾಯ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿ ಹೋರಾಟದ ಜಾಥಾಗಳಲ್ಲಿ ಎದೆಯೆತ್ತಿ ಬಾರಿಸಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ದೇಶ ಗೌರವಿಸಿದ ವಾದ್ಯವನ್ನು ಮುಟ್ಟಲು ನಿಮ್ಮ ಮಗುವಿಗೆ ಯಾವ ಮೈಲಿಗೆ?

ಹಾಗಾಗಿ ನಮ್ಮ ಷರತ್ತುಗಳು ಇವು. ಕಲಿತರೆ ಎಲ್ಲ ಜಾತಿಯ ಮಕ್ಕಳೂ ಕಲಿಯಬೇಕು, ಒಂದು ಕೇರಿಯ ಮಕ್ಕಳಿಗೆ ಮಾತ್ರ ಅನ್ನುವುದಾದರೆ ಆ ಪಾಠವೇ ಬೇಡ. ವಾದ್ಯವನ್ನು ಅಂಗನವಾಡಿಯೇ ಕೊಳ್ಳಬೇಕು. ಕಲಿಸಲು ಬಂದವರಿಗೆ ಕುರ್ಚಿ ಹಾಕಬೇಕು, ಎಲ್ಲರು ಕುಡಿಯುವ ಲೋಟದಲ್ಲೇ ಟೀ ಕೊಡಬೇಕು, ಮಕ್ಕಳು ಅವರನ್ನು "ಮೇಷ್ಟ್ರೇ" ಅಂತ ಕರೆಯಬೇಕು. ಬಾರಿಸುವವರು ಹೆಂಗಸಾದರೆ "ಟೀಚರ್" ಅನ್ನಬೇಕು. ತಾಳಕ್ಕಿಂತ ಮೊದಲು ಮಗು ಕಲಿಯುವುದು ಇದನ್ನೇ.

"ಅಂಗನವಾಡಿ ಟೀಚರಿಗೇ ಕಲಿಸಲು ಹೇಳಿ, ದುಡ್ಡು ಉಳಿಯುತ್ತೆ" ಅನ್ನುವವರಿಗೂ ಒಂದು ಮಾತು. ಅವರು ಈಗಾಗಲೇ ಮಕ್ಕಳ ತೂಕ ನೋಡುತ್ತಾರೆ, ಗರ್ಭಿಣಿಯರ ಲೆಕ್ಕ ಇಡುತ್ತಾರೆ, ಪೋಷಣ್ ಟ್ರ್ಯಾಕರ್ ಆಪ್ ತುಂಬುತ್ತಾರೆ, ಅದೂ ಗೌರವಧನಕ್ಕೆ. ಅವರ ತಲೆ ಮೇಲೆ ಇನ್ನೊಂದು ಹೊರೆ ಹೊರಿಸಬೇಡಿ.

1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗಿನಿಂದ ಆಹಾರ, ಚುಚ್ಚುಮದ್ದಿನ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಕೆಲಸವೇ. ಅಂದರೆ ನಾವು ಕೇಳುತ್ತಿರುವುದು ಹೊಸ ಹಕ್ಕಲ್ಲ. ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ಮಕ್ಕಳ ತಾಯಂದಿರಿದ್ದಾರೆ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಪಂಚಾಯಿತಿಯ ಸ್ವಂತ ವರಮಾನದಲ್ಲಿ ಕಲಾವಿದರಿಗೆ ದಿನಗೂಲಿ ತೆಗೆದಿಡಿ ಅಂತ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಟಿವಿ ಕೊಡಿಸಲು ಬಂದ ದಾನಿಗೆ, ಆ ದುಡ್ಡಲ್ಲಿ ನಾಲ್ಕು ದಮ್ಮಡಿ ಕೊಂಡು, ಉಳಿದದ್ದನ್ನು ಮೇಷ್ಟ್ರ ಕೂಲಿಗೆ ಕೊಡಿ ಅನ್ನಿ. ಫೋಟೊ ಬೇಕಿದ್ದರೆ ಮಕ್ಕಳು ಬಾರಿಸುವಾಗಲೇ ತೆಗೆಸಿಕೊಳ್ಳಲಿ.