ಕಾಣೆಯಾದ ವಿದ್ಯಾರ್ಥಿಯೂ ನಮ್ಮ ಆತುರದ ತೀರ್ಪೂ

2025ರ ಫೆಬ್ರವರಿ 25ರ ಸಂಜೆ. ದಕ್ಷಿಣ ಕನ್ನಡ ಜಿಲ್ಲೆಯ ಫರಂಗಿಪೇಟೆಯ ಸಮೀಪದ ಮನೆಯೊಂದರಿಂದ ದ್ವಿತೀಯ ಪಿ.ಯು.ಸಿ. ಓದುತ್ತಿದ್ದ 17 ವರ್ಷದ ಬಾಲಕನೊಬ್ಬ ದೇವಸ್ಥಾನಕ್ಕೆಂದು ಹೊರಟನು, ರಾತ್ರಿಯಾದರೂ ಮರಳಲಿಲ್ಲ. ಹುಡುಕಲು ಹೊರಟವರಿಗೆ ರೈಲು ಹಳಿಯ ಬಳಿ ಅವನ ಮೊಬೈಲು ಮತ್ತು ರಕ್ತದ ಕಲೆಯಿದ್ದ ಚಪ್ಪಲಿಗಳು ದೊರೆತವು. ಒಂದು ಕುಟುಂಬದ ಎದೆ ಒಡೆಯಲು ಇಷ್ಟು ಸಾಕು. ಒಂದು ಊರಿನ ನೆಮ್ಮದಿ ಕೆಡಲೂ ಇಷ್ಟೇ ಸಾಕಾಯಿತು ಎಂಬುದೇ ನಾವು ಇಂದು ವಿಚಾರ ಮಾಡಬೇಕಾದ ವಿಷಯ.

ನೇತ್ರಾವತಿಯ ದಂಡೆಯ ಫರಂಗಿಪೇಟೆಯು ಮೊಂತೆ ಮಾರಿಯಾನೊ ಆಶ್ರಮದ ನಿಮಿತ್ತವಾಗಿ ನಮ್ಮ ಓದುಗರಿಗೆ ಅಪರಿಚಿತವಾದ ಊರಲ್ಲ. ಆ ದಿನಗಳಲ್ಲಿ ಅಲ್ಲಿಂದ ಬಂದ ಸುದ್ದಿಗಳು ಮಾತ್ರ ಅಪರಿಚಿತವಾಗಿದ್ದವು. ಪೊಲೀಸರು ಹಳಿಯ ಇಕ್ಕೆಲಗಳಲ್ಲಿಯೂ ನದಿಯಲ್ಲಿಯೂ ಶೋಧ ನಡೆಸಿದರು. ಮಾರ್ಚ್ 1ರಂದು ಪೇಟೆ ಬಂದ್ ಆಚರಿಸಿತು, ಪ್ರತಿಭಟನೆ ನಡೆಯಿತು. ಬಾಲಕನ ತಂದೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ವಿಧಾನಸಭೆಯಲ್ಲಿಯೂ ವಿಷಯ ಪ್ರಸ್ತಾಪವಾಯಿತು. ಇದರ ನಡುವೆ ಗಾಂಜಾ ಗುಂಪಿನ ಕೈವಾಡ, ಅಪಹರಣ, ಕೊಲೆ ಎಂಬ ಊಹೆಗಳು ಒಂದರ ಬೆನ್ನಿಗೊಂದು ಹಬ್ಬಿದವು. ನೆರೆಯವರು ನೆರೆಯವರನ್ನು ಸಂಶಯದಿಂದ ನೋಡುವಂತಾಯಿತು.

ಮಾರ್ಚ್ 8ರಂದು ಬಾಲಕನು ಉಡುಪಿಯ ಅಂಗಡಿಯೊಂದರಲ್ಲಿ ಪತ್ತೆಯಾದನು. ಯಾರೂ ಅವನನ್ನು ಅಪಹರಿಸಿರಲಿಲ್ಲ. ಪರೀಕ್ಷೆಯ ಭಯದಿಂದ ಅವನೇ ಮನೆ ಬಿಟ್ಟು ಹೋಗಿದ್ದನೆಂದು ಆಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಎನ್. ಯತೀಶ್ ಅವರು ತಿಳಿಸಿದರು. ಚಪ್ಪಲಿಯ ಮೇಲಿನ ರಕ್ತ ಅವನ ಕಾಲಿನ ಗಾಯದ್ದೇ. ಆ ಹನ್ನೊಂದು ದಿನಗಳಲ್ಲಿ ಅವನು ಮೈಸೂರು, ಬೆಂಗಳೂರುಗಳನ್ನು ಸುತ್ತಿ, ನಂದಿಬೆಟ್ಟದ ಕಡೆಯ ವಿಶ್ರಾಂತಿಧಾಮವೊಂದರಲ್ಲಿ ಕೆಲ ದಿನ ದುಡಿದು, ಕರಾವಳಿಗೆ ಮರಳಿದ್ದನು. ಊರು ಅವನಿಗಾಗಿ ಬಾಗಿಲು ಮುಚ್ಚಿ ಕುಳಿತಿದ್ದ ಆ ದಿನಗಳಲ್ಲಿ ಅವನು ನಮ್ಮ ನಗರದ ಮೂಲಕ ಹಾದುಹೋಗಿದ್ದನು. ‘ಮಗು, ಎಲ್ಲಿಂದ ಬಂದೆ? ಊಟವಾಯಿತೇ?’ ಎಂದು ಕೇಳಿದವರು ಯಾರಾದರೂ ಇದ್ದರೋ ಇಲ್ಲವೋ!

ಆತಂಕಕ್ಕೆ ಆಧಾರವಿಲ್ಲದಿರಲಿಲ್ಲ

ಜನರ ಆಕ್ರೋಶವನ್ನು ಒಂದೇ ಮಾತಿನಲ್ಲಿ ಹಳಿದುಬಿಡುವುದು ನ್ಯಾಯವಾಗಲಾರದು. ಇದೇ ಜಿಲ್ಲೆಯಲ್ಲಿ 2012ರ ಅಕ್ಟೋಬರ್ 9ರಂದು ಕಾಲೇಜಿನಿಂದ ಮನೆಗೆ ಮರಳುತ್ತಿದ್ದ 17 ವರ್ಷದ ಪಿ.ಯು. ವಿದ್ಯಾರ್ಥಿನಿಯೊಬ್ಬಳು ಕಾಣೆಯಾದಳು, ಮರುದಿನ ಅವಳ ಶವ ದೊರೆಯಿತು. ಸಾರ್ವಜನಿಕರೇ ಹಿಡಿದು ಪೊಲೀಸರಿಗೆ ಒಪ್ಪಿಸಿದ ವ್ಯಕ್ತಿಯು ವರ್ಷಗಳ ಕಾಲ ಆರೋಪಿಯೆನಿಸಿ, 2023ರ ಜೂನ್ 16ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯದಿಂದ ನಿರ್ದೋಷಿಯೆಂದು ಬಿಡುಗಡೆಯಾದನು. ಹಾಗಾದರೆ ಕೊಂದವರು ಯಾರು? ಆ ತಾಯಿಯ ಈ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿರಲಿಲ್ಲ. ಇಂತಹ ಗಾಯ ಮಾಯದೆ ಉಳಿದಿರುವ ನಾಡಿನಲ್ಲಿ ಮತ್ತೊಂದು ಮನೆಯ ಮಗು ಕಾಣೆಯಾದಾಗ ಜನರು ಬೀದಿಗಿಳಿದರೆ ಅದು ಆಶ್ಚರ್ಯವಲ್ಲ. ಒತ್ತಡವಿಲ್ಲದೆ ಆಡಳಿತ ಅಲುಗಾಡದು ಎಂಬ ನಂಬಿಕೆಯನ್ನು ಅವರಿಗೆ ಕಲಿಸಿದ್ದು ಅನುಭವವೇ.

ಆದರೆ ಅದೇ ಪ್ರಕರಣ ಇನ್ನೊಂದು ಪಾಠವನ್ನೂ ಹೇಳುತ್ತದೆ. ಗುಂಪು ಹಿಡಿದುಕೊಟ್ಟ ವ್ಯಕ್ತಿ ನ್ಯಾಯಾಲಯದ ದೃಷ್ಟಿಯಲ್ಲಿ ಅಪರಾಧಿಯಾಗಿರಲಿಲ್ಲ. ಆರೋಪಿ ಸಿಕ್ಕನೆಂಬ ಸಮಾಧಾನದಲ್ಲಿ ಕಳೆದುಹೋದ ಮೊದಲ ದಿನಗಳು ಮತ್ತೆ ಬರಲಿಲ್ಲ. ಶೋಧ ನಡೆಸಿರೆಂದು ಒತ್ತಾಯಿಸುವುದು ನಾಗರಿಕನ ಹಕ್ಕು. ಅಪರಾಧಿ ಯಾರೆಂದು ಮೊದಲೇ ತೀರ್ಮಾನಿಸುವುದು ಹಕ್ಕಲ್ಲ. ಇವೆರಡರ ನಡುವಿನ ಗೆರೆ ಅಳಿಸಿಹೋದಾಗ ಶೋಧಕ್ಕೇ ಹಾನಿ.

ಊಹೆಯ ಬೆಲೆ ತೆರುವವರು ಯಾರು?

ನೆರೆಯ ಕೇರಳದಲ್ಲಿ 2018ರ ಮಾರ್ಚ್ 22ರಂದು ಕಾಂಜಿರಪ್ಪಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದ ಕ್ರೈಸ್ತ ಕುಟುಂಬದ ಇಪ್ಪತ್ತರ ಯುವತಿಯೊಬ್ಬಳು ಮನೆಯಿಂದ ಹೊರಟು ಕಾಣೆಯಾದಳು. ಸುಳಿವು ಕೊಟ್ಟವರಿಗೆ ಘೋಷಿಸಿದ್ದ ಬಹುಮಾನ 2 ಲಕ್ಷ ರೂಪಾಯಿಗಳಿಂದ 5 ಲಕ್ಷಕ್ಕೆ ಏರಿತು. ಅವಳನ್ನು ಬೆಂಗಳೂರಿನಲ್ಲಿ ಕಂಡೆವೆಂದು ಹೇಳಿದವರಿದ್ದರು. ಕೇರಳ ಪೊಲೀಸರು ಇಲ್ಲಿಗೂ ಬಂದು ವಿಚಾರಿಸಿ ಬರಿಗೈಯಲ್ಲಿ ಮರಳಿದರು. ತಂದೆಯ ಮೇಲೆಯೇ ಅನುಮಾನ ಹರಡಿತು. ಕಟ್ಟುತ್ತಿದ್ದ ಕಟ್ಟಡವೊಂದರ ನೆಲವನ್ನೂ ಪರೀಕ್ಷಿಸಲಾಯಿತು. ಮತಾಂತರದ ಕಥೆಗಳು ಹುಟ್ಟಿದವು. 2021ರಲ್ಲಿ ತನಿಖೆ ಕೈಗೆತ್ತಿಕೊಂಡ ಸಿ.ಬಿ.ಐ., 2024ರ ಜನವರಿಯಲ್ಲಿ ಮುಕ್ತಾಯ ವರದಿ ಸಲ್ಲಿಸುವಾಗ ಮತಾಂತರಕ್ಕೆ ಯಾವ ಪುರಾವೆಯೂ ಇಲ್ಲವೆಂದಿತು. ತಂದೆಯ ಮನವಿಯ ಮೇರೆಗೆ ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಯಾಲಯವು ಮುಂದುವರಿದ ತನಿಖೆಗೆ ಆದೇಶಿಸಿತು.

ಈ ಪ್ರಕರಣದ ಕುರಿತು ನಮ್ಮ ಸಮುದಾಯದಲ್ಲಿಯೇ ಎಷ್ಟು ಮಾತುಗಳು ಹರಿದಾಡಿದವೆಂಬುದನ್ನು ನಾವು ಮರೆಯುವಂತಿಲ್ಲ. ಮಗಳು ಕಾಣೆಯಾದ ತಂದೆಗೆ ಮಗಳ ಚಿಂತೆಯೊಂದೇ ಸಾಲದೆಂಬಂತೆ, ಊರ ನಾಲಗೆಗೆ ಉತ್ತರ ಹೇಳುವ ಹೊರೆಯನ್ನೂ ಹೊರಿಸಿದೆವು. ಫರಂಗಿಪೇಟೆಯ ವಿಷಯದಲ್ಲಿಯೂ ನಾವು ನಿರ್ದೋಷಿಗಳಲ್ಲ. 2025ರ ಮಾರ್ಚ್ 2ರ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು, ‘ಇದು ಖಂಡಿತ ಅವರದೇ ಕೆಲಸ’ ಎಂದು ನಮ್ಮಲ್ಲಿ ಕೆಲವರು ಹೇಳಿದರು, ಉಳಿದವರು ತಲೆಯಾಡಿಸಿದೆವು. ‘ಅವರು’ ಎಂದರೆ ಯಾರೆಂದು ಒಬ್ಬರೂ ಕೇಳಲಿಲ್ಲ. ಬಾಲಕ ಸಿಕ್ಕ ಮೇಲಿನ ಭಾನುವಾರ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡವರೂ ಇಲ್ಲ. ಊಹೆಗೆ ದೊರೆತ ಪ್ರಚಾರದ ಹತ್ತರಲ್ಲೊಂದು ಪಾಲೂ ಸತ್ಯಕ್ಕೆ ದೊರೆಯದೆ ಹೋಯಿತು.

ಮರೆತುಹೋದ ಮೂಲ ಕಾರಣ

ಬಾಲಕ ಸಿಕ್ಕನೆಂದು ತಿಳಿದ ಕೂಡಲೇ ಚರ್ಚೆ ನಿಂತಿತು. ನಿಜವಾಗಿ ಚರ್ಚೆ ಆರಂಭವಾಗಬೇಕಿದ್ದುದು ಅಲ್ಲಿಯೇ. ಪರೀಕ್ಷೆ ಮಾರ್ಚ್ 1ರಂದು ಆರಂಭವಾಗಲಿತ್ತು. ಅವನು ಮನೆ ಬಿಟ್ಟದ್ದು ಅದಕ್ಕೆ ನಾಲ್ಕು ದಿನ ಮುಂಚೆ. ಯಾವ ಗುಂಪಿನ ಹೆಸರನ್ನೋ ಕೂಗುತ್ತಿದ್ದವರ ಕಣ್ಣಿಗೆ ಈ ದಿನಾಂಕ ಬೀಳಲೇ ಇಲ್ಲ.

ಆ ವರ್ಷದ ದ್ವಿತೀಯ ಪಿ.ಯು.ಸಿ. ಪರೀಕ್ಷೆ-1ಕ್ಕೆ 6,37,805 ವಿದ್ಯಾರ್ಥಿಗಳು ಕುಳಿತರು. 4,68,439 ಮಂದಿ, ಅಂದರೆ ಶೇಕಡಾ 73.45ರಷ್ಟು ಮಂದಿ ತೇರ್ಗಡೆಯಾದರು. ಉಡುಪಿ ಜಿಲ್ಲೆ ಶೇ. 93.90ರೊಂದಿಗೆ ಮೊದಲ ಸ್ಥಾನವನ್ನೂ ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯ ಸ್ಥಾನವನ್ನೂ ಪಡೆದವು. ಈ ಅಂಕಿಗಳನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ನೂರರಲ್ಲಿ ತೊಂಬತ್ತಮೂರು ಮಂದಿ ಗೆಲ್ಲುವ ಜಿಲ್ಲೆಯಲ್ಲಿ ಸೋಲುವ ಏಳು ಮಂದಿಯ ಒಂಟಿತನ ಎಂಥದೆಂದು ಯೋಚಿಸಿದ್ದೇವೆಯೇ? ಹಲವರು ಸೋಲುವಲ್ಲಿ ಸೋಲಿಗೆ ಜೊತೆಯಿದೆ. ಎಲ್ಲರೂ ಗೆಲ್ಲುವಲ್ಲಿ ಸೋಲು ಅಪಮಾನವಾಗುತ್ತದೆ. ಮಲ್ಲೇಶ್ವರ, ಬಸವನಗುಡಿಗಳ ಹೆಸರಾಂತ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ನಮ್ಮ ಮನೆಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಭಯ ನಪಾಸಿನದಲ್ಲ, ಶೇಕಡಾ ತೊಂಬತ್ತರಿಂದ ಎಂಬತ್ತಕ್ಕೆ ಇಳಿಯುವುದರದು. ಅಳತೆ ಬೇರೆ, ಸಂಕಟ ಒಂದೇ.

ವಿಷಾದದ ಸಂಗತಿಯೆಂದರೆ ಈ ಭಯದ ಬಹುಭಾಗ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದು. ನಮ್ಮ ರಾಜ್ಯದಲ್ಲಿ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಗಿದೆ. ಮೊದಲನೆಯದರಲ್ಲಿ ಎಡವಿದವನಿಗೆ ಮತ್ತೊಂದು ಬಾಗಿಲು ಕೆಲವೇ ವಾರಗಳಲ್ಲಿ ತೆರೆಯುತ್ತದೆ. ಕಾನೂನು ಕೊಟ್ಟ ಈ ಎರಡನೆಯ ಅವಕಾಶವನ್ನು ಮನೆಯ ಮಾತು ಕಿತ್ತುಕೊಳ್ಳಬಾರದು. ‘ಈ ಬಾರಿ ಹೋದರೆ ನಮ್ಮ ಮಾನ ಹೋಯಿತು’ ಎನ್ನುವ ತಂದೆಯ ಮುಂದೆ ಎಷ್ಟು ಪರೀಕ್ಷೆಗಳಿದ್ದರೂ ಮಗನ ಪಾಲಿಗೆ ಇರುವುದು ಒಂದೇ.

ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಈ ದೃಷ್ಟಿಯಿಂದ ನೋಡಿದರೆ ಮನೆ ಬಿಟ್ಟು ಹೋಗಿ ಮರಳಿದ ಬಾಲಕ ನಮಗೆ ಉಳಿದ ಬಾಲಕ. ಅವನನ್ನು ‘ಊರಿಗೆಲ್ಲ ಮೋಸ ಮಾಡಿದವ’ ಎಂದು ಹೀಯಾಳಿಸುವವರು ಇದನ್ನು ನೆನೆಯಬೇಕು.

ಉಪಕಾರಕ್ಕೆ ಬರುವ ಕಳಕಳಿ

ಸಾರ್ವಜನಿಕರ ಪ್ರತಿಕ್ರಿಯೆ ಯಾವಾಗಲೂ ಕೇಡನ್ನೇ ಮಾಡುತ್ತದೆಂದಲ್ಲ. 2024ರ ಜನವರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನ ಕಡೆಯಿಂದ ಕಾಣೆಯಾದ 12 ವರ್ಷದ ಬಾಲಕನೊಬ್ಬನನ್ನು ಮೂರು ದಿನಗಳ ನಂತರ ಹೈದರಾಬಾದಿನ ಮೆಟ್ರೋದಲ್ಲಿ ಗುರುತಿಸಿದ್ದು ಒಬ್ಬ ಸಾಮಾನ್ಯ ಪ್ರಯಾಣಿಕರು. ಹರಿದಾಡುತ್ತಿದ್ದ ಚಿತ್ರವನ್ನು ಅವರು ನೋಡಿದ್ದರು, ನೆನಪಿಟ್ಟುಕೊಂಡಿದ್ದರು, ಹತ್ತಿರ ಹೋಗಿ ಮಾತನಾಡಿಸಿದರು. ಅಲ್ಲಿ ಹಂಚಿಕೆಯಾದದ್ದು ಮುಖ, ಉಡುಪು, ಕಾಣೆಯಾದ ಸ್ಥಳ, ಕರೆ ಮಾಡಬೇಕಾದ ಸಂಖ್ಯೆ. ಫರಂಗಿಪೇಟೆಯ ಹೆಸರಿನಲ್ಲಿ ಹೆಚ್ಚಾಗಿ ಹಂಚಿಕೆಯಾದದ್ದು ಸಂಶಯ. ನಾವು ಮುಂದಕ್ಕೆ ಕಳುಹಿಸುವ ಪ್ರತಿ ಸಂದೇಶವೂ ಇವೆರಡರಲ್ಲಿ ಯಾವುದೆಂದು ಬೆರಳು ಒತ್ತುವ ಮುನ್ನ ಕೇಳಿಕೊಳ್ಳೋಣ. ಮಗು ಸಿಕ್ಕ ಮೇಲೆ ಆ ಚಿತ್ರವನ್ನು ಅಳಿಸಿಹಾಕುವುದೂ ಕರ್ತವ್ಯವೇ. ಅವನು ನಾಳೆ ಕಾಲೇಜಿಗೆ ಹೋಗಬೇಕು, ಕೆಲಸಕ್ಕೆ ಸೇರಬೇಕು. ಅವನ ಹೆಸರನ್ನು ನಾವು ಇಲ್ಲಿ ಬರೆಯದಿರುವುದೂ ಅದಕ್ಕಾಗಿಯೇ.

ಪ್ರತಿ ಕುಟುಂಬವೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮಗು ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ತಪ್ಪು ಕಲ್ಪನೆ. 18 ವರ್ಷದೊಳಗಿನವರು ಕಾಣೆಯಾದ ಪ್ರತಿ ದೂರನ್ನೂ ಅಪಹರಣ ಅಥವಾ ಸಾಗಾಣಿಕೆಯೆಂದು ಭಾವಿಸಿ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿಯೇ ಆದೇಶಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನಿನಂತೆ, ಘಟನೆ ತಮ್ಮ ಸರಹದ್ದಿನದಲ್ಲವೆಂಬ ಕಾರಣಕ್ಕೆ ಠಾಣೆಯವರು ದೂರನ್ನು ನಿರಾಕರಿಸುವಂತಿಲ್ಲ. ಚಾಮರಾಜಪೇಟೆಯ ಮಗ ಮಲ್ಲೇಶ್ವರದ ಕಾಲೇಜಿನ ದಾರಿಯಲ್ಲಿ ಕಾಣೆಯಾದರೆ ತಂದೆತಾಯಿಗಳು ಠಾಣೆಯಿಂದ ಠಾಣೆಗೆ ಅಲೆಯಬೇಕಾಗಿಲ್ಲ. 18 ತುಂಬಿದವರ ವಿಷಯ ಬೇರೆ: ದೂರು ದಾಖಲಾಗುತ್ತದೆ, ಶೋಧವೂ ನಡೆಯುತ್ತದೆ, ಆದರೆ ಸ್ವಇಚ್ಛೆಯಿಂದ ಹೋದೆನೆಂದು ಅವರು ಹೇಳಿದರೆ ಬಲವಂತವಾಗಿ ಮನೆಗೆ ತರಲಾಗದು. ಆ ಸತ್ಯವನ್ನು ಒಪ್ಪುವುದು ಹೆತ್ತವರಿಗೆ ಕಷ್ಟ. ಒಪ್ಪದೆ ಅಪಹರಣದ ಕಥೆ ಕಟ್ಟಿದರೆ ಇನ್ನೊಂದು ಮನೆ ಉರಿಯುತ್ತದೆ.

ಮಕ್ಕಳ ಸಹಾಯವಾಣಿ 1098 ಹಗಲಿರುಳು ಲಭ್ಯ. ಮನಸ್ಸಿನ ತೊಳಲಾಟಕ್ಕೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಿದೆ. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯೇ ಅದರ ರಾಷ್ಟ್ರೀಯ ಕೇಂದ್ರ. ಮನೆ ಬಿಟ್ಟು ಬಂದು ನಮ್ಮ ನಗರದ ರೈಲು, ಬಸ್ಸು ನಿಲ್ದಾಣಗಳಲ್ಲಿ ಇಳಿಯುವ ಮಕ್ಕಳಿಗಾಗಿ ಸಲೇಸಿಯನ್ ಧರ್ಮಗುರುಗಳ ಬಾಸ್ಕೊ ಸಂಸ್ಥೆಯು 1980ರಿಂದ ದುಡಿಯುತ್ತ ಬಂದಿದೆ. ‘ಓಣಿಯವರ ಸೇವಾ ಕೂಟ’ ಎಂಬ ಅದರ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಒಂಟಿಯಾಗಿ ನಿಂತ ಮಗುವನ್ನು ಮೊದಲು ಮಾತನಾಡಿಸುವವರು ಕೆಡುಕರೋ ಹಿತೈಷಿಗಳೋ ಎಂಬುದರ ಮೇಲೆ ಒಂದು ಬದುಕಿನ ದಿಕ್ಕು ನಿಂತಿರುತ್ತದೆ. ಹಾಗೆಯೇ, ಅಂಗಡಿಗೋ ಹೋಟೆಲಿಗೋ ಕೆಲಸ ಕೇಳಿ ಬರುವ ಹದಿಹರೆಯದವನನ್ನು ವಯಸ್ಸು, ಊರು, ಮನೆಯವರ ವಿವರ ಕೇಳದೆ ಸೇರಿಸಿಕೊಳ್ಳುವ ನಮ್ಮ ಅಭ್ಯಾಸವೂ ಬದಲಾಗಬೇಕು.

ಮನೆಯ ಬಾಗಿಲು

ಹನ್ನೆರಡರ ವಯಸ್ಸಿನಲ್ಲಿ ಬಾಲ ಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯಮ್ಮನವರೂ ಜೋಸೆಫರೂ ಮೂರು ದಿನ ಕಳವಳದಿಂದ ಹುಡುಕಿದ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ಮಗ ಸಿಕ್ಕಾಗ ತಾಯಿ ತನ್ನ ನೋವನ್ನು ಮುಚ್ಚಿಡದೆ ಹೇಳಿದಳು, ಪ್ರಶ್ನೆ ಕೇಳಿದಳು. ಉತ್ತರ ಪೂರ್ಣವಾಗಿ ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿಟ್ಟುಕೊಂಡಳು. ಮಕ್ಕಳ ಉತ್ತರ ನಮಗೆ ಅರ್ಥವಾಗದ ದಿನಗಳು ಪ್ರತಿ ಮನೆಯಲ್ಲಿಯೂ ಬರುತ್ತವೆ. ಅಂದು ನಾವು ಕೇಳಿಸಿಕೊಳ್ಳುತ್ತೇವೆಯೇ, ತೀರ್ಪು ಕೊಡುತ್ತೇವೆಯೇ?

ರಾತ್ರಿ ಜಪಸರಕ್ಕೆ ಕುಳಿತುಕೊಳ್ಳುವ ಮುನ್ನ ಹತ್ತು ನಿಮಿಷ, ಅಂಕಗಳ ಮಾತಿಲ್ಲದೆ, ಮಕ್ಕಳ ಮಾತು ಕೇಳೋಣ. ‘ಫಲಿತಾಂಶ ಏನೇ ಆಗಲಿ, ಮೊದಲು ಮನೆಗೆ ಬಾ’ ಎಂಬ ಒಂದು ಮಾತನ್ನು ಪರೀಕ್ಷೆಗೆ ಮುಂಚೆಯೇ ಹೇಳಿಡೋಣ. ನಮ್ಮ ಧರ್ಮಕೇಂದ್ರಗಳು ಪ್ರತಿ ಫೆಬ್ರವರಿಯಲ್ಲಿ ಹೆತ್ತವರಿಗೂ ಮಕ್ಕಳಿಗೂ ಒಂದು ಸಂಜೆಯ ಸಮಾಲೋಚನೆಯನ್ನು ಏರ್ಪಡಿಸಿದರೆ ಅದು ಯಾವ ಪ್ರತಿಭಟನಾ ಸಭೆಗಿಂತಲೂ ಹೆಚ್ಚಿನ ಮಕ್ಕಳನ್ನು ಉಳಿಸೀತು. ಇನ್ನು ಮುಂದೆ ಯಾರ ಮನೆಯ ಮಗುವಾದರೂ ಕಾಣೆಯಾದ ಸುದ್ದಿ ಬಂದರೆ, ಅವನು ಯಾವ ಜಾತಿ, ಯಾವ ಮತ ಎಂದು ಕೇಳುವ ಮೊದಲು, ಆ ಮನೆಯ ಒಲೆ ಇಂದು ಉರಿಯಿತೇ ಎಂದು ಕೇಳುವವರು ನಾವಾಗೋಣ.